ಮೂಗಿಗಿಂತ ಮೂಗುತಿ ಭಾರ

ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ಡ್ರಿಲ್ಲು ಯಂತ್ರದ ಮಾತೇಕೆ ಎಂದು ಕೇಳುವವರಿದ್ದಾರೆ. ಕೇಳಿಯೂ ಆಗಿದೆ. ಜಮುನಾಪಾರಿನ ಸದಸ್ಯರು ಕಲೆತಿದ್ದಾಗ ನಾವು ಈ ವಿಷಯ ಎತ್ತಿದೆವು. ಹಿರಿಯರೊಬ್ಬರು, "ಸಂಘ ಇರುವುದು ನಾಡು-ನುಡಿಗೆ, ತಿರುಪು ಬಿಗಿಯುವುದಕ್ಕಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಅವರ ವಯಸ್ಸಿಗೆ ಕೈಮುಗಿದೇ ನಾವು ಇದನ್ನು ಬರೆಯುತ್ತಿದ್ದೇವೆ. ಕಳೆದ ರಾಜ್ಯೋತ್ಸವದ ಹಿಂದಿನ ರಾತ್ರಿ ನಾಡು-ನುಡಿಯ ಹಬ್ಬ ನಿಂತುಹೋಗುವುದರಲ್ಲಿದ್ದುದು ಕವಿಗಳು ಬಾರದೆ ಅಲ್ಲ, ಹಾಡುವವರು ಬಾರದೆ ಅಲ್ಲ, ತಿರುಪು ಬಿಗಿಯಲಾರದೆ.

ನಾವು ಎಂದರೆ ಲಕ್ಷ್ಮೀ ನಗರ, ಶಕರ್‌ಪುರ, ನಿರ್ಮಾಣ್ ವಿಹಾರಗಳಲ್ಲಿ ಹರಡಿಕೊಂಡಿರುವ ಏಳು ಕುಟುಂಬಗಳು. ವೇದಿಕೆಯ ಹಿಂಬದಿಗೆ ಪ್ಲೈವುಡ್ಡಿನ ಹಲಗೆಗಳನ್ನು ಚೌಕಟ್ಟಿಗೆ ಬಿಗಿಯುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಬಾಡಿಗೆಯ ಸಭಾಂಗಣ, ರಾತ್ರಿ ಹನ್ನೊಂದಕ್ಕೆ ಬೀಗ. ಏಳು ಮನೆಗಳಿಂದ ಆರು ಯಂತ್ರಗಳು ಬಂದವು. ಎಲ್ಲವೂ ತಂತಿಯಿಲ್ಲದ, ಬ್ಯಾಟರಿಯ ಯಂತ್ರಗಳು. ಪೇಟೆಯವರು ಕಾರ್ಡ್‌ಲೆಸ್ ಎನ್ನುವಂಥವು. ಇಷ್ಟು ಸೈನ್ಯ ಇದ್ದಮೇಲೆ ಒಂದು ಗಂಟೆಯ ಕೆಲಸ ಎಂದುಕೊಂಡು ಮೊದಲು ಕಾಫಿ ಕುಡಿದೆವು.

ಒಂಬತ್ತೂವರೆಗೆ ಮೊದಲ ಯಂತ್ರ ಉಸಿರು ಬಿಟ್ಟಿತು. ಪಕ್ಕದವರು ತಮ್ಮ ಬ್ಯಾಟರಿ ಕಳಚಿ ಕೊಟ್ಟರು; ಕೂರಲಿಲ್ಲ. ಮತ್ತೊಬ್ಬರದು ನೋಡಿದರೆ ಕಚ್ಚು ಬೇರೆ. ಮೂರನೆಯವರದು ಅದೇ ಕಂಪನಿ, ಅದೇ ಬಣ್ಣ, ಆದರೆ ಒಂದು 12 ವೋಲ್ಟು, ಇನ್ನೊಂದು 18. ಆರು ಯಂತ್ರಗಳಲ್ಲಿ ಒಂದರ ಬ್ಯಾಟರಿ ಇನ್ನೊಂದಕ್ಕೆ ಹೊಂದಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ನಾವು ಕಣ್ಣಾರೆ ಕಂಡೆವು. ಹತ್ತೂವರೆಯ ಹೊತ್ತಿಗೆ ನಾಲ್ಕು ಸತ್ತಿದ್ದವು, ಎರಡು ಕುಂಟುತ್ತಿದ್ದವು. ಒಂದೊಂದು ತುಂಬಿದ ಬ್ಯಾಟರಿ ಬೇರೆಯವರ ಚೀಲಗಳಲ್ಲಿ ಸುಮ್ಮನೆ ಮಲಗಿತ್ತು. ಕೊನೆಗೆ ಕೆಲಸ ಮುಗಿಸಿದ್ದು ಸಭಾಂಗಣದ ಚೌಕಿದಾರನ ಹಳೆಯ ತಿರುಪುಳಿ ಮತ್ತು ನಮ್ಮ ಹೆಬ್ಬೆರಳುಗಳು. ಮರುದಿನ ನಾಡಗೀತೆಗೆ ಎದ್ದು ನಿಂತವರಲ್ಲಿ ಏಳು ಜನರ ಅಂಗೈಯಲ್ಲಿ ಬೊಕ್ಕೆ ಇತ್ತು.

ಹಳ್ಳಿಯಲ್ಲಿ ಹುಟ್ಟಿದ ನಮ್ಮಲ್ಲಿ ಅನೇಕರಿಗೆ ಬ್ಯಾಟರಿ ಎಂದರೆ ಟಾರ್ಚು. "ಬ್ಯಾಟರಿ ತಗೊಂಡು ಹೋಗು, ದಾರೀಲಿ ಹುಳ-ಹುಪ್ಪಟೆ" ಎಂದು ಅಜ್ಜಿ ಹೇಳುತ್ತಿದ್ದುದು ಅದನ್ನೇ. ಎರಡು ಸೆಲ್ಲಿನ ಬ್ಯಾಟರಿ, ಮೂರು ಸೆಲ್ಲಿನ ಬ್ಯಾಟರಿ. ಟಾರ್ಚು ಯಾವ ಕಂಪನಿಯದೇ ಇರಲಿ, ಸೆಲ್ಲು ಎವರೆಡಿಯದಾದರೂ ಸರಿ, ಜೀಪಿನದಾದರೂ ಸರಿ, ನಿಪ್ಪೋ ಆದರೂ ಸರಿ. ಶೆಟ್ಟರ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ತುಂಬಿದರೆ ಬೆಳಕು. ರೇಡಿಯೋದ ಸೆಲ್ಲು ತೆಗೆದು ಟಾರ್ಚಿಗೆ ಹಾಕಿಕೊಂಡು ಬಯಲಾಟಕ್ಕೆ ಹೋದವರು ನಮ್ಮಲ್ಲಿಯೇ ಇದ್ದಾರೆ. ಅದು ಯಾರ ಔದಾರ್ಯವೂ ಅಲ್ಲ. ಸೆಲ್ಲಿನ ಉದ್ದ, ಅಗಲ, ವೋಲ್ಟುಗಳನ್ನು ಲೋಕಕ್ಕೆಲ್ಲ ಒಂದೇ ಎಂದು ಗೊತ್ತುಮಾಡಿದ್ದರು. ಮನೆಯ ಬಲ್ಬಿನ 22 ಮಿಲಿಮೀಟರಿನ ಪಿನ್ನಿನ ಹೋಲ್ಡರು, ಗೋಡೆಯ ಮೂರು ಪಿನ್ನಿನ ಸಾಕೆಟ್ಟು ಹೀಗೆಯೇ. ಈ ಸಾಕೆಟ್ಟಿಗೆ ನಮ್ಮ ಮಿಕ್ಸಿಯ ಪ್ಲಗ್ಗೇ ಬೇಕು ಎಂದು ಯಾವ ಕಂಪನಿಯಾದರೂ ಹೇಳಿದ್ದರೆ ಹೆಂಗಸರು ಬೀದಿಗಿಳಿಯುತ್ತಿದ್ದರು. ಡ್ರಿಲ್ಲಿನ ಕಂಪನಿಗಳು ಹೇಳಿವೆ, ನಾವು ತೆಪ್ಪಗಿದ್ದೇವೆ.

ಇನ್ನು ಆ ಪೆಟ್ಟಿಗೆಯೊಳಗೆ ಅಂಥ ಬೇರೆ-ಬೇರೆ ಮಾಯೆ ಏನಾದರೂ ಇದೆಯೇ? ಇಲ್ಲ. ಇದನ್ನು ನಮ್ಮ ಓದುಗರು ಚೆನ್ನಾಗಿ ತಿಳಿಯಬೇಕು. ಕಪ್ಪು ಪ್ಲಾಸ್ಟಿಕ್ಕಿನ ಒಳಗೆ ಇರುವುದು ಬೆರಳುದ್ದದ ಲಿಥಿಯಂ ಸೆಲ್ಲುಗಳು. ಬಹುಕಾಲ ನಡೆದುಬಂದ ಅಳತೆಗೆ 18650 ಎಂದು ಹೆಸರು: 18 ಮಿಲಿಮೀಟರು ದಪ್ಪ, 65 ಮಿಲಿಮೀಟರು ಉದ್ದ. ಒಂದು ಸೆಲ್ಲಿಗೆ ಸಾಧಾರಣ 3.6 ವೋಲ್ಟು. ಮೂರನ್ನು ಸಾಲಾಗಿ ಜೋಡಿಸಿದರೆ 10.8, ಅದನ್ನೇ ಪೇಟೆಯಲ್ಲಿ 12 ಎನ್ನುತ್ತಾರೆ. ಐದನ್ನು ಜೋಡಿಸಿದರೆ 18. ಪೂರ್ತಿ ಚಾರ್ಜಾದ ಗಳಿಗೆಯಲ್ಲಿ ಒಂದೊಂದು ಸೆಲ್ಲು 4.2 ತೋರಿಸುವುದರಿಂದ ಐದು ಸೇರಿ 21. ಆದ್ದರಿಂದ ಒಬ್ಬ 18 ಎಂದು ಮಾರುತ್ತಾನೆ, ಒಬ್ಬ 20 ಎಂದು, ಇನ್ನೊಬ್ಬ 21 ಎಂದು. ಮೂರೂ ಅದೇ ಐದು ಸೆಲ್ಲು! ಇವನ್ನು ಬೇರೆ ಮಾಡುವುದು ಮುಖ್ಯವಾಗಿ ಹೊರಗಿನ ಪ್ಲಾಸ್ಟಿಕ್ಕಿನ ಕಚ್ಚು, ಲೋಹದ ನಾಲಿಗೆಗಳ ಜಾಗ, ಮತ್ತು ಬಿಸಿ-ಭಾರ ನೋಡಿಕೊಳ್ಳುವ ಚಿಕ್ಕದೊಂದು ಮಂಡಲ. ಮಂಡಲದ ಮಾತಿನಲ್ಲಿ ಸ್ವಲ್ಪ ಸತ್ಯವಿದೆಯೆಂದು ಒಪ್ಪೋಣ. ಆದರೆ ಕಚ್ಚಿನ ಮಾತು ಶುದ್ಧ ವ್ಯಾಪಾರ.

ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ ತಂತಿಯಿಲ್ಲದ ಡ್ರಿಲ್ಲನ್ನು ಪೇಟೆಗೆ ತಂದದ್ದು 1961ರಲ್ಲಿ. 1971ರಲ್ಲಿ ಅಪೋಲೋ 15ರ ಗಗನಯಾತ್ರಿಗಳು ಬ್ಯಾಟರಿಯ ಡ್ರಿಲ್ಲಿನಿಂದ ಚಂದ್ರನ ನೆಲವನ್ನೇ ಕೊರೆದರು. ಅಲ್ಲಿ ನೆರೆಮನೆಯವರ ಬ್ಯಾಟರಿ ಕೇಳುವ ಪ್ರಮೇಯ ಇರಲಿಲ್ಲ. ಆಮೇಲೆ ನಿಕ್ಕಲ್-ಕ್ಯಾಡ್ಮಿಯಂ ಹೋಗಿ ಲಿಥಿಯಂ ಬಂತು; 2003ರಲ್ಲಿ ಬಾಷ್‌ನ ಪುಟ್ಟ ತಿರುಪುಯಂತ್ರ, 2005ರಲ್ಲಿ ಮಕೀಟಾದ 18 ವೋಲ್ಟು. ಯಂತ್ರ ಹಗುರವಾಯಿತು, ಬೆಲೆ ಇಳಿಯಿತು, ಅಪಾರ್ಟ್‌ಮೆಂಟಿನವರ ಕೈಗೂ ಎಟುಕಿತು. ಎಟುಕಿದ ಕೂಡಲೇ ಕಂಪನಿಗಳಿಗೆ ಒಂದು ಸತ್ಯ ಹೊಳೆಯಿತು: ಡ್ರಿಲ್ಲು ಹತ್ತು ವರ್ಷ ಬಾಳುತ್ತದೆ, ಬ್ಯಾಟರಿ ಬಾಳುವುದಿಲ್ಲ. ಡ್ರಿಲ್ಲನ್ನು ಅಗ್ಗಕ್ಕೆ ಕೊಟ್ಟು ಬ್ಯಾಟರಿಯಲ್ಲಿ ವಸೂಲು ಮಾಡಿದರೆ ಗಿರಾಕಿ ಎಲ್ಲಿಗೂ ಓಡಲಾರ. ಎರಡು ಬ್ಯಾಟರಿ, ಒಂದು ಚಾರ್ಜರು ಕೂಡಿದ ಪೆಟ್ಟಿಗೆಯ ಬೆಲೆಯನ್ನು, ಬರೀ ಯಂತ್ರದ ಬೆಲೆಯೊಂದಿಗೆ ಹೋಲಿಸಿ ನೋಡಿರಿ. ಎಷ್ಟೋ ಕಡೆ ಬ್ಯಾಟರಿಯ ಪಾಲು ಯಂತ್ರದ ಪಾಲನ್ನು ಮೀರಿರುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ.

ಇದಕ್ಕೆ ಅವರು ಇಟ್ಟ ಹೆಸರು ಪ್ಲಾಟ್‌ಫಾರಂ. ನಮಗೆ ನಗು ಬಂದದ್ದು ಈ ಹೆಸರಿಗೆ. ಹೊಸ ದೆಹಲಿ ಸ್ಟೇಷನ್ನಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ನಿಲ್ಲುವ ಪ್ಲಾಟ್‌ಫಾರಮಿಗೆ ಬೇರೆ ರಾಜ್ಯದ ಗಾಡಿಯೂ ಬರುತ್ತದೆ, ಯಾರೂ ಅಡ್ಡ ಹಾಕುವುದಿಲ್ಲ. ಇವರ ಪ್ಲಾಟ್‌ಫಾರಮಿಗೆ ಇವರ ಮನೆಯ ಗಾಡಿಯಲ್ಲದೆ ಇನ್ನೊಂದು ಬರುವಂತಿಲ್ಲ. ಇವರ ಮನೆಯದೇ ಎಲ್ಲವೂ ಬರುತ್ತದೆಯೇ ಎಂದರೆ ಅದೂ ಇಲ್ಲ. ಬಾಷ್‌ನಲ್ಲಿ ನೀಲಿ ಬಣ್ಣದ್ದು ಕಸುಬಿನವರಿಗೆ, ಹಸಿರು ಮನೆಯವರಿಗೆ. ಎರಡೂ 18 ವೋಲ್ಟಾದರೂ ಒಂದರ ಬ್ಯಾಟರಿ ಇನ್ನೊಂದಕ್ಕೆ ಕೂರದು. ಮಕೀಟಾದಲ್ಲಿ 18 ವೋಲ್ಟಿನದೇ ಎರಡು ಪಂಗಡ, ಎಲ್‌ಎಕ್ಸ್‌ಟಿ ಒಂದು, ಜಿ ಸರಣಿ ಇನ್ನೊಂದು. ಅದರ ಮೇಲೆ 40 ವೋಲ್ಟಿನ ಮೂರನೆಯದು. ಸ್ಟ್ಯಾನ್ಲಿ ಮತ್ತು ಬ್ಲ್ಯಾಕ್ ಅಂಡ್ ಡೆಕ್ಕರ್ 2010ರಲ್ಲಿ ಒಂದೇ ಕಂಪನಿಯಾದವು, ಡಿವಾಲ್ಟ್ ಕೂಡ ಅದೇ ಮನೆಯದು. ಬ್ಯಾಟರಿಗಳು ಮಾತ್ರ ಇನ್ನೂ ಬೇರೆ ಒಲೆ ಹಚ್ಚಿಕೊಂಡಿವೆ. ನಮ್ಮಲ್ಲಿ ಬೆಂಗಳೂರಿನವರು ಕೆಲವರು "ಬಾಷ್ ಎಂದರೆ ನಮ್ಮ ಆಡುಗೋಡಿಯ ಮೈಕೋ ಅಲ್ಲವೇ" ಎಂದು ಕಣ್ಣುಮುಚ್ಚಿ ಕೊಳ್ಳುತ್ತಾರೆ. ಹೌದು, 1951ರ ಮೈಕೋವೇ 2008ರಲ್ಲಿ ಬಾಷ್ ಲಿಮಿಟೆಡ್ ಆದದ್ದು. ಅಭಿಮಾನ ಬೇರೆ, ಬ್ಯಾಟರಿ ಬೇರೆ. ಯಾವ ಬಣ್ಣ, ಎಷ್ಟು ವೋಲ್ಟು ಎಂದು ಕೇಳಿಯೇ ಕೊಳ್ಳಬೇಕು.

ಮನಸ್ಸು ಮಾಡಿದರೆ ಆಗದ ಕೆಲಸವೇ ಇದು? 1996ರಲ್ಲಿ ಹೊರಟ ರಿಯೋಬಿಯ ಒನ್ ಪ್ಲಸ್ ಬಳಗ ಈ ಹೊತ್ತಿಗೂ ಅದೇ ಕಚ್ಚನ್ನು ಉಳಿಸಿಕೊಂಡಿದೆ. ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಮಕ್ಕಳಿರುವವರು ವಿಚಾರಿಸಿ ನೋಡಬಹುದು. ಜರ್ಮನಿಯ ಮೆಟಾಬೋ 2018ರಲ್ಲಿ ಬೇರೆ ಕಂಪನಿಗಳನ್ನು ಕೂಡಿಸಿಕೊಂಡು ಒಂದೇ ಬ್ಯಾಟರಿಯ ಕೂಟ ಕಟ್ಟಿತು. 2020ರಲ್ಲಿ ಬಾಷ್ ತನ್ನ ಮನೆಬಳಕೆಯ 18 ವೋಲ್ಟಿಗೆ ಗಾರ್ಡೀನಾ ಮುಂತಾದವರನ್ನು ಸೇರಿಸಿಕೊಂಡು ಇನ್ನೊಂದು ಕೂಟ ಮಾಡಿತು. ಅಂದರೆ ಇದು ವಿಜ್ಞಾನದ ತೊಡಕಲ್ಲವೆಂದು ಅವರೇ ಒಪ್ಪಿಕೊಂಡಂತಾಯಿತು. ಆದರೆ ಕೂಟ-ಕೂಟಗಳ ನಡುವಿನ ಗೋಡೆ ಹಾಗೆಯೇ ನಿಂತಿದೆ.

ಇಷ್ಟು ಹೊತ್ತು ಪರದೆ, ಹಲಗೆಗಳ ಮಾತಾಯಿತು. ಹೊಟ್ಟೆಯ ಮಾತಿಗೆ ಬರೋಣ. ಕೊಪ್ಪಳದ ಕಡೆಯ ಹುಡುಗನೊಬ್ಬ ಶಕರ್‌ಪುರದಲ್ಲಿದ್ದಾನೆ. ಅಡಿಗೆಮನೆಯ ಕಪಾಟುಗಳನ್ನು ಜೋಡಿಸಿಕೊಡುವುದು ಕಸುಬು. ಊರಿನಲ್ಲಿ ತಂಗಿಯ ಓದು ಇವನ ದುಡಿಮೆಯಿಂದ ನಡೆಯುತ್ತದೆ. ಡ್ರಿಲ್ಲು ಒಂದು ಕಂಪನಿಯದು, ಗರಗಸ ಇನ್ನೊಂದರದು, ಸಣ್ಣ ಹ್ಯಾಮರು ಮೂರನೆಯದು. ಆಯಾ ಕಾಲಕ್ಕೆ ಎಲ್ಲಿ ರಿಯಾಯಿತಿಯೋ ಅಲ್ಲಿ, ಕಂತಿನಲ್ಲಿ ಕೊಂಡಿದ್ದ. ಹೋದ ಬೇಸಗೆಯಲ್ಲಿ ಗರಗಸದ ಎರಡೂ ಬ್ಯಾಟರಿಗಳು ಒಂದರ ಹಿಂದೊಂದು ಸತ್ತವು. ಚಾವ್ರಿ ಬಜಾರಿಗೆ ಹೋದ. ಲಕ್ಷ್ಮೀ ನಗರದಲ್ಲಿ ಮೆಟ್ರೋ ಹತ್ತಿ, ರಾಜೀವ್ ಚೌಕದಲ್ಲಿ ಬದಲಿಸಿ, ಎರಡು ದಿನ ಅಂಗಡಿ-ಅಂಗಡಿ ಅಲೆದ. "ಆ ಮಾಡೆಲ್ಲು ಬಂದ್" ಎಂಬುದೊಂದೇ ಉತ್ತರ. ಗರಗಸದ ಮೈಯಲ್ಲಿ ಒಂದು ಗೀರೂ ಇರಲಿಲ್ಲ. ಪಕ್ಕದಲ್ಲಿ ಡ್ರಿಲ್ಲಿನ ಎರಡು ಒಳ್ಳೆಯ ಬ್ಯಾಟರಿಗಳಿದ್ದವು, ಅವೂ 18 ವೋಲ್ಟು, ಅವೂ ಐದು ಸೆಲ್ಲು. ಹೇಳಿದ ದಿನಕ್ಕೆ ಕೆಲಸ ಮುಗಿಯದೆ ಆ ಗಿರಾಕಿ ಮುಂಗಡ ವಾಪಸು ಕೇಳಿದ. ಹೊಸ ಗರಗಸಕ್ಕೆ ಹೊಸ ಕಂತು ಶುರುವಾಯಿತು. ನಾವು ಸಮಾಧಾನ ಹೇಳಲು ಹೋದರೆ ಅವನೇ ನಮಗೆ, "ಇರ್ಲಿ ಬಿಡ್ರಿ ಸರ, ನೋಡದ ತಗೊಂಡಿದ್ದು ನಂದ ತಪ್ಪು" ಎಂದ.

ಅವನ ತಪ್ಪಲ್ಲ ಎಂದು ನಾವು ಗಟ್ಟಿಯಾಗಿ ಹೇಳುತ್ತೇವೆ. ಕಸುಬಿಗೆ ಕೈಹಾಕುವ ಹುಡುಗನಿಗೆ ಇದನ್ನು ಮುಂಚಿತವಾಗಿ ಹೇಳುವವರು ಇರಬೇಕಾಗಿತ್ತು. ಅಂಗಡಿಯವನು ಹೇಳುವುದಿಲ್ಲ. ಕಂಪನಿಯ ಚೀಟಿಯಲ್ಲಿ ಬರೆದಿರುವುದಿಲ್ಲ. ಹಾಗಾದರೆ ಪರಊರಿನಲ್ಲಿ ಅವನಿಗೆ ಹೇಳಬೇಕಾದವರು ಯಾರು? ಸಂಘ ಎಂಬುದು ಇದಕ್ಕಲ್ಲದೆ ಮತ್ತೆ ಯಾವುದಕ್ಕೆ?

ಆದ್ದರಿಂದ ನಮಗೆ ತಿಳಿದದ್ದನ್ನು ಹೇಳುತ್ತೇವೆ. ಯಂತ್ರವನ್ನು ಆರಿಸಬೇಡಿರಿ, ಬ್ಯಾಟರಿಯನ್ನು ಆರಿಸಿರಿ. ಅಂಗಡಿಯಲ್ಲಿ ಮೊದಲ ಪ್ರಶ್ನೆ "ಈ ಡ್ರಿಲ್ಲು ಎಷ್ಟು" ಎಂದಲ್ಲ. "ಈ ಬ್ಯಾಟರಿಗೆ ಇನ್ನೇನೇನು ಯಂತ್ರ ಹೊಂದುತ್ತವೆ, ಬರೀ ಯಂತ್ರ ಸಿಗುತ್ತದೆಯೇ, ಬರೀ ಬ್ಯಾಟರಿ ಎಷ್ಟಕ್ಕೆ" ಎಂದು. ಬಿಡಿ ಬ್ಯಾಟರಿಯ ಬೆಲೆ ಹೇಳಲು ತಡಬಡಿಸುವ ಅಂಗಡಿಯಿಂದ ಎದ್ದು ಬನ್ನಿರಿ. ಮೊದಲ ಬಾರಿ ಮಾತ್ರ ಪೂರ್ತಿ ಪೆಟ್ಟಿಗೆ. ಎರಡನೆಯ ಯಂತ್ರದಿಂದ ಮುಂದೆ ಬರೀ ಯಂತ್ರ ಕೊಂಡರೆ ಉಳಿಯುವ ಹಣ ಚಿಲ್ಲರೆಯಲ್ಲ. ಸರ್ವಿಸ್ ಕೇಂದ್ರ ದೆಹಲಿಯಲ್ಲೂ ಇರಬೇಕು, ನಿಮ್ಮ ಜಿಲ್ಲೆಯ ಹತ್ತಿರದ ಪಟ್ಟಣದಲ್ಲೂ ಇರಬೇಕು. ಊರಿನಲ್ಲಿ ಅಣ್ಣನ ಬಳಿ ಒಂದು ಯಂತ್ರ ಇದ್ದರೆ ಅದೇ ಬಳಗದ್ದನ್ನು ನೀವೂ ಕೊಳ್ಳಿರಿ. ರಜೆಗೆ ಹೋಗುವಾಗ ಯಂತ್ರ ಹೊರುವುದು ತಪ್ಪುತ್ತದೆ. ವಿಮಾನದಲ್ಲಿ ಹೋಗುವವರು ಯಂತ್ರವನ್ನು ದೊಡ್ಡ ಸಾಮಾನಿನಲ್ಲಿ ಹಾಕಿ ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಕು, ಲೋಹದ ತುದಿಗಳನ್ನು ಮುಚ್ಚಿ. ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿದರೆ ವಾಟ್-ಅವರ್ ಬರುತ್ತದೆ: 18ನ್ನು 5ರಿಂದ ಗುಣಿಸಿದರೆ 90, ತೊಂದರೆಯಿಲ್ಲ, 6ರಿಂದಾದರೆ 108, ನೂರು ದಾಟಿತು, ವಿಮಾನ ಕಂಪನಿಯ ಒಪ್ಪಿಗೆ ಬೇಕು.

ಎಲ್ಲರಿಗೂ 18 ವೋಲ್ಟು ಬೇಕೆಂದು ನಾವು ಹೇಳುವುದಿಲ್ಲ. ನಮ್ಮದು ಹನ್ನೊಂದು ತಿಂಗಳ ಕರಾರಿನ ಬಾಳು. ಮನೆ ಬದಲಿಸಿದಾಗಲೆಲ್ಲ ಪರದೆಯ ಸರಳು, ನೀರಿನ ಫಿಲ್ಟರು, ದೇವರ ಮಂಟಪ. ಇಟ್ಟಿಗೆಯ ಗೋಡೆಗೆ ಹ್ಯಾಮರ್ ಇರುವ 12 ವೋಲ್ಟಿನದು ಸಾಕು, ಮಂಚ-ಮೇಜು ಜೋಡಿಸಲು ಸಾಕೋ ಸಾಕು. ಆದರೆ ಪರದೆಯ ಸರಳು ಕೂರುವುದು ಕಿಟಕಿಯ ಮೇಲಿನ ಲಿಂಟಲಿನಲ್ಲಿ, ಅದು ಕಾಂಕ್ರೀಟು. ಅಲ್ಲಿ ಚಿಕ್ಕ ಯಂತ್ರ ಕೂಗುತ್ತದೆಯೇ ಹೊರತು ಕೊರೆಯುವುದಿಲ್ಲ. ಗಿರಾಕಿಗಳು ಯಂತ್ರವನ್ನು ಶಪಿಸುವುದು ಬಹುಮಟ್ಟಿಗೆ ಈ ಒಂದು ಜಾಗದಲ್ಲಿ. ಆ ಕೆಲಸಕ್ಕೆ ತಂತಿಯಿರುವ ರೋಟರಿ ಹ್ಯಾಮರೇ ಅಗ್ಗ, ಅದೇ ಗಟ್ಟಿ. ವರ್ಷಕ್ಕೆ ಹತ್ತು ತೂತು ಕೊರೆಯುವವರಿಗೆ ಬ್ಯಾಟರಿಯ ಹಂಗೇ ಬೇಡ ಎಂದು ಹೇಳುವ ಧೈರ್ಯವೂ ನಮಗಿರಬೇಕು.

ಇನ್ನು ಅಂತರ್ಜಾಲದ ಅಂಗಡಿಗಳಲ್ಲಿ 48, 88, 128 ವೋಲ್ಟೆಂದು ದಪ್ಪಕ್ಷರದಲ್ಲಿ ಬರೆದುಕೊಂಡು ಬರುವ ಹೆಸರಿಲ್ಲದ ಪೆಟ್ಟಿಗೆಗಳು. ಅಂಕಿಯ ಪಕ್ಕದಲ್ಲಿ ವಿ ಜೊತೆಗೆ ಎಫ್ ಎಂಬ ಇನ್ನೊಂದು ಅಕ್ಷರ ಅಡಗಿರುತ್ತದೆ. ಕೇಳಿದರೆ ಅದು ಮಾಡೆಲ್ಲಿನ ಹೆಸರು ಎನ್ನುತ್ತಾರೆ. ಒಳಗೆ ಸಾಮಾನ್ಯವಾಗಿ ಅದೇ ಐದು ಸೆಲ್ಲು. ಸೋಜಿಗವೆಂದರೆ ಈ ಹೆಸರಿಲ್ಲದವರಲ್ಲಿ ಅನೇಕರು ಮಕೀಟಾದ ಕಚ್ಚನ್ನೇ ನಕಲು ಮಾಡಿರುವುದರಿಂದ ಒಬ್ಬರ ಬ್ಯಾಟರಿ ಇನ್ನೊಬ್ಬರ ಯಂತ್ರಕ್ಕೆ ಕೂರುತ್ತದೆ. ದೊಡ್ಡ ಕಂಪನಿಗಳು ಮಾಡಲೊಲ್ಲದ ಏಕತೆಯನ್ನು ನಕಲಿನವರು ಸಾಧಿಸಿದರು! ಅದನ್ನು ಮೆಚ್ಚಿ ಕೊಳ್ಳಿರೆಂದು ನಾವು ಹೇಳಲಾರೆವು. ಒಳಗಿನ ಸೆಲ್ಲು ಹೊಸದೋ ಹಳೆಯದೋ, ಬಿಸಿಯಾದಾಗ ತಡೆಯುವ ಮಂಡಲ ಇದೆಯೋ ಇಲ್ಲವೋ ಹೇಳುವವರಿಲ್ಲ. ಒಂದು ಕಂಪನಿಯ ಬ್ಯಾಟರಿಯನ್ನು ಇನ್ನೊಂದಕ್ಕೆ ಹೊಂದಿಸುವ ಅಡಾಪ್ಟರುಗಳ ಹಣೆಬರಹವೂ ಇದೇ. ಚಾರ್ಜು ತೀರಾ ಇಳಿದಾಗ ನಿಲ್ಲಿಸುವ ಏರ್ಪಾಡು ಅನೇಕವುಗಳಲ್ಲಿ ಇಲ್ಲದೆ ಒಳ್ಳೆಯ ಬ್ಯಾಟರಿಯೂ ಕೆಡುತ್ತದೆ. ಬ್ಯಾಟರಿಯ ಮೈಮೇಲೆ ಐಎಸ್ 16046 ಎಂಬ ಸಂಖ್ಯೆ, ಆರ್ ಅಕ್ಷರದಿಂದ ಹೊರಡುವ ನೋಂದಣಿ ಸಂಖ್ಯೆ ಇದೆಯೇ ನೋಡಿರಿ. ಲಕ್ಷ್ಮೀ ನಗರದ ಗಲ್ಲಿಯಲ್ಲಿ ನಾಲ್ಕಂತಸ್ತಿನ ಮನೆಗೆ ಒಂದೇ ಕಿರಿದಾದ ಮೆಟ್ಟಿಲು. ಮೇ ತಿಂಗಳಲ್ಲಿ 45 ಡಿಗ್ರಿ. ಅಲ್ಲಿ ರಾತ್ರಿಯೆಲ್ಲ ಹಾಸಿಗೆಯ ಪಕ್ಕ ಅಗ್ಗದ ಬ್ಯಾಟರಿಯನ್ನು ಚಾರ್ಜಿಗಿಟ್ಟು ಮಲಗುವವರನ್ನು ಕಂಡರೆ ನಮಗೆ ನಿದ್ದೆ ಬರುವುದಿಲ್ಲ. ಒಳ್ಳೆಯ ಬ್ಯಾಟರಿಯನ್ನಾದರೂ ಬಿಸಿಲು ಕಾಯ್ದ ಅಟ್ಟದಲ್ಲಿ ಇಡಬೇಡಿರಿ. ಅರ್ಧ ಚಾರ್ಜು ಮಾಡಿ ತಣ್ಣಗಿನ ಮೂಲೆಯಲ್ಲಿ ಇಡಿರಿ.

ಇಷ್ಟರಿಂದ ಒಂದೊಂದು ಮನೆ ಉಳಿದುಕೊಂಡೀತು. ನಮ್ಮ ಜಗಳ ಅಷ್ಟಕ್ಕೇ ಅಲ್ಲ. ಏಳು ಮನೆಗೆ ಆರು ಡ್ರಿಲ್ಲು ಏಕೆ ಬೇಕಾಗಿತ್ತು? ನಮ್ಮ ಊರುಗಳಲ್ಲಿ ಮದುವೆಗೆ ಬೇಕಾದ ಹಂಡೆ, ಕೊಪ್ಪರಿಗೆ, ಜಮಖಾನೆ ದೇವಸ್ಥಾನದಲ್ಲಿ ಊರೊಟ್ಟಿಗೆ ಇರುತ್ತಿದ್ದವು. ನಾಟಿಗೆ, ಕೊಯ್ಲಿಗೆ ಮುಯ್ಯಾಳು ಇತ್ತು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮದಕ್ಕೆ ನೀವು. ದೆಹಲಿಗೆ ಬಂದ ನಾವು ಮುಯ್ಯಾಳನ್ನು ಯಮುನೆಯ ಆಚೆಯೇ ಬಿಟ್ಟು ಬಂದೆವೇನೋ. ನೆರೆಮನೆಯವನಲ್ಲಿ ಕೇಳುವುದಕ್ಕೆ ಸಂಕೋಚ, ಕೊಡುವುದಕ್ಕೆ ಅನುಮಾನ, ಅವನಿಗಿಂತ ಒಂದು ಕೈ ಮೇಲಿನದನ್ನು ಕೊಂಡು ಗೋಡೆಗೆ ತೂಗುಹಾಕಿದರೆ ಸಮಾಧಾನ. ಕಂಪನಿ ನಮ್ಮನ್ನು ಬೇರೆ-ಬೇರೆ ಬೇಲಿಯೊಳಗೆ ಕೂಡಿಹಾಕಿತೆಂದು ದೂರುವ ನಾವೇ ಆ ಬೇಲಿಗೆ ಮುಳ್ಳು ಹೊತ್ತು ಕೊಟ್ಟಿದ್ದೇವೆ.

ಸಂಘ ಒಂದು ಬಳಗದ ಬ್ಯಾಟರಿಯನ್ನು ಗೊತ್ತುಮಾಡಲಿ. ಒಂದು ಡ್ರಿಲ್ಲು, ಒಂದು ಗರಗಸ, ನಾಲ್ಕು ಬ್ಯಾಟರಿ, ಜೊತೆಗೆ ತಂತಿಯ ಹ್ಯಾಮರು ಒಂದು ಊರೊಟ್ಟಿಗೆ ಇರಲಿ. ಮುಂದೆ ಕೊಳ್ಳುವ ಸದಸ್ಯರು ಅದೇ ಬಳಗದಿಂದ ಕೊಳ್ಳಲಿ. ಕೆಟ್ಟರೆ ಯಾರು ಹೊಣೆ ಎಂದು ಸಭೆಯಲ್ಲಿ ಕೇಳಿದರು. ಸಂಘದ ಹಾರ್ಮೋನಿಯಂ ಕೆಟ್ಟಾಗ ಯಾರು ಹೊಣೆಯಾದರೋ ಅವರೇ. ಒಂದೇ ಕಂಪನಿಗೆ ಎಲ್ಲರೂ ಜೋತುಬಿದ್ದರೆ ಆ ಕಂಪನಿಯೇ ಧಣಿಯಾಗುವುದಿಲ್ಲವೇ ಎಂದು ಒಬ್ಬ ತರುಣ ಕೇಳಿದ. ಇದು ತಕ್ಕ ಪ್ರಶ್ನೆ. ಆಗುತ್ತದೆ. ಒಂದು ಮನೆಗೆ ಇವತ್ತು ಬೇರೆ ದಾರಿಯಿಲ್ಲ. ಆದರೆ ಒಟ್ಟಾಗಿ ಕೊಳ್ಳುವ ಐವತ್ತು ಮನೆಗಳು ಬಿಡಿ ಬ್ಯಾಟರಿಯ ಬೆಲೆಯನ್ನು ಚೌಕಾಶಿ ಮಾಡಬಲ್ಲವು, ಮಾಡೆಲ್ಲು ನಿಲ್ಲಿಸಿದರೆ ಗಲಾಟೆ ಎಬ್ಬಿಸಬಲ್ಲವು. ಶಕರ್‌ಪುರದ ಒಬ್ಬ ಹುಡುಗ ಅದನ್ನು ಮಾಡಲಾರ.

ಆ ಹುಡುಗನ ಸತ್ತ ಬ್ಯಾಟರಿಗಳು ಎಲ್ಲಿ ಹೋದವು ಗೊತ್ತೇ? ಕಬಾಡಿಯವನು ತೂಕಕ್ಕೆ ಕೊಂಡುಹೋದ. ಇಲ್ಲಿಂದ ಕೆಲವೇ ಕಿಲೋಮೀಟರು ಉತ್ತರಕ್ಕೆ ಸೀಲಂಪುರ. ದೇಶದ ಮೂಲೆ-ಮೂಲೆಯ ವಿದ್ಯುನ್ಮಾನ ಕಸ ಬಂದು ಬೀಳುವ ಜಾಗ ಅದು. ಕೈಗವಸಿಲ್ಲದೆ, ಮುಖಕ್ಕೆ ಬಟ್ಟೆಯಿಲ್ಲದೆ, ಸುತ್ತಿಗೆಯಿಂದ ಒಡೆದು ತಾಮ್ರ-ಪ್ಲಾಸ್ಟಿಕ್ಕು ಬೇರೆ ಮಾಡುವ ಬಡವರು ಅಲ್ಲಿದ್ದಾರೆ. ಲಿಥಿಯಂ ಸೆಲ್ಲನ್ನು ಸುತ್ತಿಗೆಯಿಂದ ಒಡೆದರೆ ಬೆಂಕಿ ಹತ್ತಬಹುದು. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ವಾಪಸು ಕೂಡಿಸುವ ಹೊಣೆ ಮಾಡಿದವನದು. ಬೇರೆ ಕಸದೊಂದಿಗೆ ಬೆರೆಸದೆ ಒಪ್ಪಿಸುವ ಹೊಣೆ ನಮ್ಮದು. ಅದಕ್ಕೆ ಮುಂಚಿನ 2001ರ ನಿಯಮ ಸೀಸದ ಬ್ಯಾಟರಿಗಷ್ಟೇ ಇತ್ತು. ಈಗಲಾದರೂ ಕೊಳ್ಳುವಾಗಲೇ ಅಂಗಡಿಯವನನ್ನು "ಸತ್ತಮೇಲೆ ಎಲ್ಲಿ ಕೊಡಬೇಕು" ಎಂದು ಕೇಳುವ ಅಭ್ಯಾಸ ನಮಗೆ ಬರಬೇಡವೇ? ಸಂಘದ ಕಚೇರಿಯಲ್ಲಿ ಒಂದು ಡಬ್ಬ ಇಟ್ಟು, ತಿಂಗಳಿಗೊಮ್ಮೆ ಅಧಿಕೃತ ಕೇಂದ್ರಕ್ಕೆ ಮುಟ್ಟಿಸುವುದು ದೊಡ್ಡ ಕೆಲಸವೇ?

ಕೊನೆಯದಾಗಿ ಸರ್ಕಾರದ ಮಾತು. ಯುರೋಪಿನ ಒಕ್ಕೂಟ 2022ರಲ್ಲಿ ಕಾಯಿದೆ ಮಾಡಿ, 2024ರ ಡಿಸೆಂಬರ್ 28ರಿಂದ ಮೊಬೈಲು, ಕ್ಯಾಮರಾ ಮುಂತಾದವಕ್ಕೆಲ್ಲ ಟೈಪ್-ಸಿ ಎಂಬ ಒಂದೇ ಚಾರ್ಜಿಂಗ್ ಬಾಯಿ ಕಡ್ಡಾಯ ಮಾಡಿತು. ಆಗುವುದೇ ಇಲ್ಲ ಎಂದು ವರ್ಷಗಟ್ಟಲೆ ವಾದಿಸಿದ ದೊಡ್ಡ ಕಂಪನಿಯೂ ಬಾಯಿ ಬದಲಿಸಿತು. ಡ್ರಿಲ್ಲು-ಗರಗಸಗಳು ಆ ಪಟ್ಟಿಯಲ್ಲಿಲ್ಲ. ಆದರೆ ಅದೇ ಒಕ್ಕೂಟದ 2023ರ ಬ್ಯಾಟರಿ ಕಾಯಿದೆಯಲ್ಲಿ ಇನ್ನೊಂದು ಅಂಶವಿದೆ: ಒಂದು ಮಾಡೆಲ್ಲಿನ ಕೊನೆಯ ಯಂತ್ರ ಪೇಟೆಗೆ ಬಂದ ಮೇಲೆ ಕನಿಷ್ಠ 5 ವರ್ಷ ಅದರ ಬಿಡಿ ಬ್ಯಾಟರಿ ನ್ಯಾಯವಾದ ಬೆಲೆಗೆ ಸಿಗುವಂತಿರಬೇಕು. ಇದು ಜಾರಿಗೆ ಬರುವ ದಿನವೆಂದು ಗೊತ್ತುಮಾಡಿರುವುದು 2027ರ ಫೆಬ್ರವರಿ 18. ಈ ಒಂದು ಸಾಲು ನಮ್ಮ ದೇಶದಲ್ಲಿದ್ದಿದ್ದರೆ ಕೊಪ್ಪಳದ ಹುಡುಗ ಚಾವ್ರಿ ಬಜಾರಿನಲ್ಲಿ ಎರಡು ದಿನ ಅಲೆಯುತ್ತಿರಲಿಲ್ಲ. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರಲ್ಲಿ ಟೈಪ್-ಸಿಯ ಮಾತುಕತೆ ನಡೆಸಿತು, ಅದೇ ವರ್ಷ ದುರಸ್ತಿಯ ಹಕ್ಕಿಗೆ ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಜಾಲತಾಣ ತೆರೆಯಿತು. ಮೊಬೈಲು, ಗೃಹೋಪಯೋಗಿ ಸಾಮಾನು, ವಾಹನ, ಕೃಷಿ ಉಪಕರಣ ಎಂದು ವಿಂಗಡಿಸಿದರು. ಬಡಗಿಯ ಕೈಯ ಯಂತ್ರಕ್ಕೆ ಒಂದು ವಿಭಾಗ ಬೇಕೆಂದು ಯಾರಿಗೂ ತೋಚಲಿಲ್ಲ, ತೋಚುವಂತೆ ನಾವೂ ಬರೆಯಲಿಲ್ಲ.

ಐಎಸ್ 16046 ಬ್ಯಾಟರಿಯ ಸುರಕ್ಷತೆಯನ್ನು ನೋಡುತ್ತದೆ, ಕಚ್ಚಿನ ಆಕಾರವನ್ನಲ್ಲ. ಗೋಡೆಯ ಪ್ಲಗ್ಗಿನ ಆಕಾರಕ್ಕೆ ಐಎಸ್ 1293 ಬರೆದವರು 18 ವೋಲ್ಟಿನ ಬ್ಯಾಟರಿಗೂ ಒಂದು ಬರೆಯಬಲ್ಲರು. ಅವರು ಎಲ್ಲೋ ದೂರದಲ್ಲಿಲ್ಲ. ವಿಕಾಸ ಮಾರ್ಗದ ಬಸ್ಸು ಯಮುನೆ ದಾಟಿ ಐಟಿಓ ತಲುಪಿದರೆ, ಬಹದ್ದೂರ್ ಷಾ ಜಫರ್ ಮಾರ್ಗದಲ್ಲಿ ಮಾನಕ ಭವನ. ಹಿಂದೆ ನಾವೆಲ್ಲ ಐಎಸ್‌ಐ ಎನ್ನುತ್ತಿದ್ದ, 1987ರಿಂದ ಭಾರತೀಯ ಮಾನಕ ಬ್ಯೂರೋ ಆಗಿರುವ ಸಂಸ್ಥೆ. ಕಚೇರಿಗೆ ಹೋಗುವ ನಮ್ಮವರು ಎಷ್ಟೋ ಮಂದಿ ದಿನವೂ ಅದರ ಮುಂದೆಯೇ ಹಾಯ್ದು ಹೋಗುತ್ತಾರೆ. ಬಿಡಿ ಬ್ಯಾಟರಿ 5 ವರ್ಷ ಸಿಗಬೇಕು, 18 ವೋಲ್ಟಿಗೆ ಒಂದೇ ಕಚ್ಚು ಬೇಕು ಎಂಬ ಎರಡು ಬೇಡಿಕೆಗಳ ಮನವಿಯನ್ನು ನಾವು ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಬರೆದಿಟ್ಟಿದ್ದೇವೆ. ನಾಡು-ನುಡಿಯ ಮಾತಾಡಿದ ಹಿರಿಯರಿಗೆ ಕರಡು ತೋರಿಸಿದೆವು. ಅವರು ಎರಡು ಕಾಗುಣಿತದ ತಪ್ಪು ತಿದ್ದಿ, ಸಹಿ ಮಾಡಿ ಕೊಟ್ಟರು.

ಬರುವ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಲಕ್ಷ್ಮೀ ನಗರದ ನಮ್ಮ ಸದಸ್ಯರ ಮನೆಯ ತಾರಸಿಯ ಮೇಲೆ ಸೇರುತ್ತಿದ್ದೇವೆ. ಮೆಟ್ರೋ ಸ್ಟೇಷನ್ನಿನ ಕೆಳಗೆ ಹತ್ತು ಗಂಟೆಗೆ ಹುಡುಗರು ಕಾಯುತ್ತಿರುತ್ತಾರೆ. ಬರುವವರು ಸಹಿ ಹಾಕುವುದಕ್ಕೆ ಪೆನ್ನು, ಮನೆಯಲ್ಲಿರುವ ಬ್ಯಾಟರಿ, ಬದುಕಿದ್ದರೂ ಸರಿ ಸತ್ತಿದ್ದರೂ ಸರಿ, ಎರಡನ್ನೂ ತರಬೇಕು. ಯಂತ್ರ ತರುವುದು ಬೇಡ.